ಕರಿಬಸವರಾಜರ ಮಗಳ ಭಾನುವಾರದ ಕೆಲಸ

ಮೈಕು ಕೈಗೆ ಸಿಕ್ಕರೆ ಕರಿಬಸವರಾಜನವರು ಅದನ್ನು ಸುಲಭಕ್ಕೆ ಬಿಟ್ಟುಕೊಡುವ ಆಸಾಮಿಯಲ್ಲ. ದಾವಣಗೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಪ್ರಥಮ ದರ್ಜೆ ಸಹಾಯಕರು. ಅಲ್ಲಿ ಹತ್ತೊಂಬತ್ತು ವರ್ಷದಿಂದ ಅವರ ಮಾತನ್ನು ಯಾರೂ ಕೇಳಿಲ್ಲ. ಮನೆಯಲ್ಲಿ ಹದಿನೇಳು ವರ್ಷದಿಂದ ಕೇಳಿಲ್ಲ, ಏಕೆಂದರೆ ಮದುವೆಯಾಗಿ ಹದಿನೇಳೇ ವರ್ಷ. ಹೀಗೆ ಒಳಗೇ ಉಳಿದ ಮಾತೆಲ್ಲ ಎಲ್ಲಾದರೂ ಹೊರಬೀಳಬೇಕಲ್ಲ? ಮಗಳು ನಯನಾಳ ಹೈಸ್ಕೂಲಿನಲ್ಲಿ ಪಾಲಕರ ಸಭೆ ನಡೆದು, ಮುಖ್ಯೋಪಾಧ್ಯಾಯಿನಿಯವರು “ಪಾಲಕರ ಪರವಾಗಿ ಯಾರಾದ್ರೂ ಎರಡು ಮಾತಾಡ್ರಿ” ಎಂದಾಗ ಮಿಕ್ಕವರೆಲ್ಲ ನೆಲ ನೋಡುತ್ತ ಕೂತರು. ಕರಿಬಸವರಾಜನವರು ಎದ್ದರು.

ಎರಡು ಮಾತು ನಲವತ್ತು ನಿಮಿಷ ನಡೆಯಿತು.

“ಪರದೇಶದಾಗೆ ನೋಡ್ರಿ!” ಎಂದರು. “ಅಲ್ಲಿ ಹೈಸ್ಕೂಲ್ ಹುಡುಗ್ರು ಶಾಲೆ ಬಿಟ್ಟ ಮೇಲೆ ಕೆಲಸಕ್ಕೆ ಹೋಗ್ತಾರೆ. ಮಂತ್ರಿ ಮಗ ಹೋಟ್ಲಾಗೆ ತಟ್ಟೆ ತೊಳೀತಾನೆ, ಡಾಕ್ಟ್ರ ಮಗಳು ಮನೆ ಮನೆಗೆ ಪೇಪರ್ ಹಾಕ್ತಾಳೆ. ಅದಕ್ಕೇ ಆ ದೇಶ ಮುಂದೈತೆ. ನಮ್ಮ ಮಕ್ಕಳು ಉಂಡ ತಟ್ಟೆ ಎತ್ತಿಡಲ್ಲ! ಯಾವ ಕೆಲಸಾನೂ ಕೀಳಲ್ಲ ಅಂತ ನಾವು ತಂದೆತಾಯಿ ಕಲಿಸಬೇಕು. ನಾನಂತೂ ನನ್ನ ಮಗಳನ್ನ ಕಳಿಸಾಕೆ ಇವತ್ತೇ ತಯಾರು!”

ಪರದೇಶವನ್ನು ಅವರು ಕಂಡದ್ದು ಮೊಬೈಲಿನಲ್ಲಿ. ಖುದ್ದಾಗಿ ಹೋಗಿದ್ದ ಅತಿ ದೂರದ ಊರೆಂದರೆ ಶ್ರೀಶೈಲ. ಆದರೂ ಚಪ್ಪಾಳೆ ಜೋರಾಗಿಯೇ ಬಿತ್ತು. ಭಾಷಣ ಮುಗಿದ ಸಂತೋಷಕ್ಕೂ ಜನ ಚಪ್ಪಾಳೆ ತಟ್ಟುತ್ತಾರೆ ಎಂಬುದು ಭಾಷಣಕಾರರಿಗೆ ತಿಳಿಯದಂತೆ ದೇವರು ನೋಡಿಕೊಂಡಿದ್ದಾನೆ. ಇಷ್ಟಕ್ಕೇ ಮುಗಿದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಗೆಳತಿ ಸಬಾಳ ಜೊತೆ ಕೂತಿದ್ದ ನಯನಾ ಆ ನಲವತ್ತೂ ನಿಮಿಷ ಕಿವಿಗೊಟ್ಟು ಕೇಳಿ, ಅಪ್ಪ ಹೇಳಿದ್ದನ್ನು ನಿಜವೆಂದೇ ನಂಬಿಬಿಟ್ಟಳು.

ನಯನಾಗೆ ಹದಿನೈದು ತುಂಬಿತ್ತು, ಒಂಬತ್ತನೇ ತರಗತಿ. ಓಟದಲ್ಲಿ ಶಾಲೆಗೇ ಮೊದಲು. ಓಡುವುದಕ್ಕೆ ಒಳ್ಳೆಯ ಶೂ ಬೇಕೆಂದು ಆರು ತಿಂಗಳಿಂದ ಕೇಳುತ್ತಿದ್ದಳು. “ನಾನು ಬರಿಗಾಲಾಗೇ ಓಡೀನಿ” ಎಂದು ಕರಿಬಸವರಾಜನವರು ಪ್ರತಿ ಸಲವೂ ಹೇಳುತ್ತಿದ್ದರು. ಅವರು ಓಡಿದ್ದು ಬಸ್ಸಿನ ಹಿಂದೆ, ಅದೂ ಬಸ್ಸು ಸಿಕ್ಕಿರಲಿಲ್ಲ, ಎಂದು ಹೆಂಡತಿ ದ್ರಾಕ್ಷಾಯಣಮ್ಮ ಒಳಗಿನಿಂದ ತಿದ್ದುತ್ತಿದ್ದರು.

ಸಭೆಯ ಮಾರನೇ ಸಂಜೆ ನಯನಾ ಒಂದು ಹಾಳೆ ತಂದು ಅಪ್ಪನ ಮುಂದೆ ಹಿಡಿದಳು. “ಅಪ್ಪಾಜಿ, ಇಲ್ಲೊಂದು ಸೈನ್ ಹಾಕ್ರಿ.”

ಕರಿಬಸವರಾಜನವರು ಹಾಕಿದರು. ಕಚೇರಿಯಲ್ಲಿ ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕುವ ಕೈ ಅದು. ಒಂದೊಂದನ್ನೂ ಓದುತ್ತ ಕೂತರೆ ಸರ್ಕಾರ ನಡೆಯುವುದು ಹೇಗೆ?

“ಓದಿ ಹಾಕ್ರಿ” ಎಂದರು ದ್ರಾಕ್ಷಾಯಣಮ್ಮ.

“ಎಲ್ಲಾ ಗೊತ್ತೈತೆ” ಎಂದರು ಇವರು.

ಆ ಹಾಳೆ ಮಾರಪ್ಪನದು. ಮಾರಪ್ಪ ಮದುವೆ ಅಡುಗೆಯ ಕಂಟ್ರಾಕ್ಟರು. ದಾವಣಗೆರೆ, ಹರಿಹರ, ಮಲೆಬೆನ್ನೂರು ಕಡೆಯ ದೊಡ್ಡ ಮದುವೆಗಳೆಲ್ಲ ಅವನವೇ. ಭಾನುವಾರದ ಮದುವೆಗೆ ಬಡಿಸಲು ಹೈಸ್ಕೂಲು, ಕಾಲೇಜು ಹುಡುಗ ಹುಡುಗಿಯರನ್ನು ಕರೆದುಕೊಳ್ಳುತ್ತಿದ್ದ. ಆದರೆ ಕಟ್ಟುನಿಟ್ಟಿನ ಮನುಷ್ಯ. ಹದಿನೈದು ತುಂಬಿರಬೇಕು, ತಂದೆಯೋ ತಾಯಿಯೋ ಸಹಿ ಹಾಕಿರಬೇಕು, ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ನಾಲ್ಕಕ್ಕೆ ಬಿಡುಗಡೆ, ಒಲೆಯ ಹತ್ತಿರ ಯಾರೂ ಸುಳಿಯಕೂಡದು. ಎದುರುಮನೆಯ ಟೈಲರ್ ಖಾಜಾ ಹುಸೇನ್ ಅವನ ತಂಡಕ್ಕೆಲ್ಲ ಮೆರೂನ್ ಬಣ್ಣದ ವೇಸ್ಟ್‌ಕೋಟು ಹೊಲಿದುಕೊಟ್ಟಿದ್ದ. ಆ ಖಾಜಾ ಹುಸೇನನ ಮಗಳೇ ಸಬಾ. ಭಾನುವಾರ ಬೆಳಿಗ್ಗೆ ತನ್ನ ಹಳೇ ಓಮ್ನಿಯಲ್ಲಿ ಇಬ್ಬರು ಹುಡುಗಿಯರನ್ನೂ ಕೂರಿಸಿಕೊಂಡು ಹೋಗಿ, ಸಂಜೆ ಕರೆದುಕೊಂಡು ಬರುವ ಹೊಣೆ ಅವನದೇ.

ನಾಲ್ಕು ಭಾನುವಾರ ಹೀಗೆ ಕಳೆದವು. ಯಾರೂ ಕರಿಬಸವರಾಜನವರಿಂದ ಏನನ್ನೂ ಮುಚ್ಚಿಡಲಿಲ್ಲ. “ಎಲ್ಲಿಗಮ್ಮಾ?” ಎಂದು ಅವರು ಕೇಳುತ್ತಿದ್ದರು. “ಕೆಲಸಕ್ಕೆ ಅಪ್ಪಾಜಿ” ಎಂದು ಅವಳು ಹೇಳುತ್ತಿದ್ದಳು. “ಹೂಂ, ಜಾಗ್ರತೆ” ಎಂದು ಇವರು ಮೊಬೈಲಿನಲ್ಲಿ ಮುಳುಗುತ್ತಿದ್ದರು. ಆಸ್ಟ್ರೇಲಿಯಾದ ಹುಡುಗಿಯೊಬ್ಬಳು ಭಾನುವಾರ ಹೋಟೆಲಿನಲ್ಲಿ ದುಡಿಯುವ ವಿಡಿಯೋ ನೋಡಿ “ಭಲೇ ಹುಡುಗಿ!” ಎಂದು ತಲೆದೂಗುತ್ತಿದ್ದರು.

ಐದನೇ ಭಾನುವಾರ ಹರಿಹರದಲ್ಲಿ ಉಚ್ಚೆಂಗಪ್ಪನವರ ಮಗಳ ಮದುವೆ. ಮಲೆಬೆನ್ನೂರಿನಲ್ಲಿ ಎರಡು ರೈಸ್‌ಮಿಲ್ಲಿನ ಯಜಮಾನರು, ಕೈಯೆತ್ತಿ ನಮಸ್ಕರಿಸಿದವರನ್ನೆಲ್ಲ ಮದುವೆಗೆ ಕರೆದಿದ್ದರು. ಕರಿಬಸವರಾಜನವರ ಕಚೇರಿಗೂ ಒಂದೇ ಕಾರ್ಡು ಬಂದಿತ್ತು, “ಎಲ್ಲ ಸಿಬ್ಬಂದಿಗೆ” ಎಂದು. ಸಾಹೇಬರು ತಮ್ಮ ಕಾರಿನಲ್ಲಿ ಒಂದು ಸೀಟು ಖಾಲಿ ಇದೆ ಎಂದಾಗ ಕರಿಬಸವರಾಜನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಾದರು. ದ್ರಾಕ್ಷಾಯಣಮ್ಮ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು. “ಅಲ್ಲಿ ನಿಮಗ ಗುರುತಿನೋರು ಸಿಗ್ತಾರೆ, ಹೋಗ್ರಿ” ಎಂದು ನಕ್ಕದ್ದೇಕೆ ಎಂಬುದು ಆಗ ಅವರಿಗೆ ಹೊಳೆಯಲಿಲ್ಲ.

ಛತ್ರ ಕಿಕ್ಕಿರಿದಿತ್ತು. ಅಕ್ಷತೆ ಬಿದ್ದ ಕೂಡಲೇ ಜನ ಊಟದ ಹಾಲಿಗೆ ನುಗ್ಗಿದರು. ನಮ್ಮ ಕಡೆಯ ಮದುವೆಯಲ್ಲಿ ಕೂತು ಉಣ್ಣುವವನಿಗಿಂತ ಅವನ ಕುರ್ಚಿಯ ಬೆನ್ನು ಹಿಡಿದು ನಿಂತವನಿಗೇ ಅವನ ತುತ್ತಿನ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಕರಿಬಸವರಾಜನವರು ದೂರದಿಂದಲೇ ಎರಡು ಕುರ್ಚಿಯ ಮೇಲೆ ಕರ್ಚೀಫು, ಪೆನ್ನು ಎಸೆದು ಎರಡನೇ ಪಂಕ್ತಿಯಲ್ಲಿ ಸಾಹೇಬರಿಗೂ ತಮಗೂ ಜಾಗ ಹಿಡಿದರು. ಎಲೆ ಬಿತ್ತು. ಮೆರೂನ್ ವೇಸ್ಟ್‌ಕೋಟಿನ ಹುಡುಗ ಹುಡುಗಿಯರು ಸಾಲಾಗಿ ಬಂದರು. ಉಪ್ಪು, ಉಪ್ಪಿನಕಾಯಿ ಬಡಿಸುತ್ತ ಬಂದವಳನ್ನು ನೋಡಿದರೆ ಎದುರುಮನೆಯ ಸಬಾ!

“ನೋಡಿದ್ರಾ ಸರ್?” ಎಂದು ಅವರು ಸಾಹೇಬರ ಕಿವಿಯಲ್ಲಿ ಮರುಗಿದರು. “ನಮ್ಮ ಎದುರುಮನೆ ಹುಡುಗಿ. ಓದೋ ವಯಸ್ಸು, ಪಾಪ. ಇಂಥ ಮಕ್ಕಳನ್ನ ಮಂದಿ ಮದುವ್ಯಾಗೆ ಬಡಸಾಕೆ ಕಳಿಸ್ತಾರಲ್ಲ, ಎಂಥ ತಂದೆತಾಯಿ ಅಂತೀನಿ!”

“ಹೌದ್ರಿ, ಮರ್ಯಾದೆ ಬ್ಯಾಡ್ವಾ?” ಎಂದರು ಸಾಹೇಬರು.

ಅಷ್ಟರಲ್ಲಿ ಹೋಳಿಗೆ ಬಂತು. ಹೋಳಿಗೆಯ ತಟ್ಟೆ ಹಿಡಿದ ಕೈ, ಆ ಕೈಯ ಬಳೆ, ಅದರ ಮೇಲಿನ ಮುಖ ಎಲ್ಲವೂ ಅವರದೇ ಮನೆಯವು.

“ಹೋಳಿಗೆ ಹಾಕ್ಲಾ ಸರ್?” ಎಂದಳು ನಯನಾ.

ಎಲೆಯ ಮುಂದೆ ಕೂತವರು ಅಪ್ಪನಾಗಲಿ ಚಿಕ್ಕಪ್ಪನಾಗಲಿ, ಎಲ್ಲರೂ ‘ಸರ್’ ಎಂಬುದು ಮಾರಪ್ಪನ ಕಾನೂನು. ನಯನಾ ಒಂದು ಸಣ್ಣ ನಗೆ ನಕ್ಕು, ಎರಡು ಹೋಳಿಗೆ ಹಾಕಿ, ಮುಂದಿನ ಎಲೆಗೆ ಹೋದಳು. ಹಿಂದೆಯೇ ಬಂದ ಹುಡುಗ ಮೇಲೆ ತುಪ್ಪ ಸುರಿದ.

“ಕರಿಬಸವರಾಜ್” ಎಂದರು ಸಾಹೇಬರು ನಿಧಾನಕ್ಕೆ, “ಆ ಹುಡುಗಿ ನಿಮ್ಮ ಮಗಳಲ್ಲೇನ್ರಿ? ಆಯುಧಪೂಜೆಗೆ ಆಫೀಸಿಗೆ ಕರ್ಕೊಂಡು ಬಂದಿದ್ರಿ ನೋಡ್ರಿ.”

ಅಲ್ಲ ಎನ್ನುವಂತಿಲ್ಲ, ಮೂಗು ತಂದೆಯದೇ. ಹೌದು, ಕೆಲಸಕ್ಕೆ ಬಂದಿದ್ದಾಳೆ ಎನ್ನುವಂತಿಲ್ಲ, ‘ಎಂಥ ತಂದೆತಾಯಿ’ ಎಂದ ಮಾತು ಇನ್ನೂ ಗಾಳಿಯಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ಸುಮ್ಮನೆ ಉಣ್ಣುವುದು ಜಾಣರ ಲಕ್ಷಣ. ನಮ್ಮವರು ಬಾಯಿಬಿಟ್ಟರು.

“ಹೌದ್ ಸರ್, ನಮ್ಮ ನಯನಾನೇ. ಮನೆ ಮದುವೆ ಅಲ್ರಾ? ಉಚ್ಚೆಂಗಪ್ಪನವ್ರು ನಮಗ ಸಂಬಂಧ. ಮನೆ ಮಕ್ಕಳೇ ಓಡಾಡಿ ಬಡಸಬೇಕು ಅಂತ ನಮ್ಮ ಕಡೆ ಪದ್ಧತಿ ಐತಲ್ಲ.”

“ಮತ್ತೆ ಆ ವೇಸ್ಟ್‌ಕೋಟು?”

“ಅದಾ ಸರ್? ಈಗಿನ ಮದುವ್ಯಾಗೆ ಮನೆಯೋರೆಲ್ಲ ಒಂದೇ ಬಣ್ಣದ ಬಟ್ಟೆ ಹಾಕ್ಕಂತಾರೆ. ಫೋಟೋಕ್ಕೆ ಚೆಂದ ಬರ್ತೈತಂತೆ.”

ಆ ಮಾತು ತೂಕದ್ದಾಗಿತ್ತು. ಅಂಥ ಮದುವೆಗಳನ್ನು ಸಾಹೇಬರೂ ನೋಡಿದ್ದರು. ಅವರ ಕಣ್ಣು ಅರಳಿತು. “ಉಚ್ಚೆಂಗಪ್ಪನವ್ರು ನಿಮ್ಮ ಸಂಬಂಧಿಕ್ರಾ? ಇಷ್ಟ್ ದಿನ ಹೇಳೇ ಇಲ್ಲ! ಹೆಂಗೆ ಸಂಬಂಧ?”

“ಅವರ ತಾಯಿ ಕಡೆಯಿಂದ ಸರ್. ನಮ್ಮ ಅಜ್ಜನ ತಂಗಿನ ಕೊಟ್ಟ ಮನೆಯೋರ ದಾಯಾದಿ... ಹೆಂಗೋ ಒಂದು ಅಣ್ಣ-ತಮ್ಮನ ವರಸೆ ಆಗ್ತೈತೆ.”

“ಅಣ್ಣತಮ್ಮ!” ಸಾಹೇಬರು ಹೋಳಿಗೆ ಮುರಿಯುವುದನ್ನೇ ನಿಲ್ಲಿಸಿದರು. “ಮತ್ತೆ ನೀವು ಕುಂತು ಉಣ್ತಾ ಇದೀರಲ್ರಿ! ಮಗಳು ಬಡಸ್ತಾಳೆ, ತಂದೆ ಎರಡನೇ ಪಂಕ್ತಿಗೇ ಎಲೆ ಹಿಡಿದಾನೆ ಅಂದ್ರೆ ಬೀಗರು ಏನಂದಾರು? ಏಳ್ರಿ, ಏಳ್ರಿ. ನನ್ನ ಚಿಂತೆ ಬ್ಯಾಡ, ನಾನು ಉಣ್ತೀನಿ.”

ಕರಿಬಸವರಾಜನವರು ಎಲೆಯ ಕಡೆ ನೋಡಿದರು. ತುಪ್ಪ ಇನ್ನೂ ಹೋಳಿಗೆಯ ಅಂಚಿನಲ್ಲಿ ಹರಿಯುತ್ತಿತ್ತು. ಆಡಿದ ಸುಳ್ಳು ಎಷ್ಟು ದುಬಾರಿಯದೆಂದು ಅವರಿಗೆ ಗೊತ್ತಾದದ್ದು ಆಗ. ಎದ್ದರು. ಹಿಂದೆ ಕುರ್ಚಿ ಹಿಡಿದು ನಿಂತಿದ್ದವನು, ಬಡಿಸಿದ ಎಲೆಯೇ ಸಿಕ್ಕ ತನ್ನ ಪುಣ್ಯಕ್ಕೆ ಬೆರಗಾಗುತ್ತ ಕೂತುಬಿಟ್ಟ.

ಎದ್ದವರು ಕೈತೊಳೆಯುವ ನೆಪದಲ್ಲಿ ಮಾಯವಾಗೋಣವೆಂದು ಹಾಲಿನ ಹಿಂಬಾಗಿಲಿಗೆ ಹೋದರು. ಅಲ್ಲಿ ಮಾರಪ್ಪ ನಿಂತಿದ್ದ. ಅವನಿಗೆ ಆ ದಿನ ಒಬ್ಬ ಬಡಿಸುವವನು ಕೈಕೊಟ್ಟಿದ್ದ.

“ಸಾರು ಬಡಸಾಕೆ ಬರ್ತೀನಿ ಅಂದಿದ್ದ ಆಳು ನೀನೇ ಏನಪಾ?” ಎಂದು ಮಾರಪ್ಪ ಗುಡುಗಿದ. “ಎರಡನೇ ಪಂಕ್ತಿಗೆ ಬರ್ತೀಯಾ? ಇಸ್ತ್ರಿ ಬಟ್ಟೆ ಬೇರೆ! ಖಾಜಾ ಭಾಯ್, ಇವನಿಗೊಂದು ವೇಸ್ಟ್‌ಕೋಟು ಹಾಕ್ರಿ.”

ಹರಿದ ಹೊಲಿಗೆ ಸರಿಪಡಿಸಲೆಂದು ಸೂಜಿದಾರದೊಂದಿಗೆ ಅಲ್ಲೇ ಕೂತಿದ್ದ ಖಾಜಾ ಹುಸೇನ್ ತಲೆಯೆತ್ತಿ ನೋಡಿ ಗಾಬರಿಯಾದ. “ಅರೆ, ಕರಿಬಸವರಾಜಣ್ಣ! ನೀವು...”

“ಸುಮ್ನಿರಪಾ, ಖಾಜಾ. ಆಮೇಲೆ ಹೇಳ್ತೀನಿ.”

ಹಿಂದೆ ನೋಡಿದರೆ ಸಾಹೇಬರು ಪಂಕ್ತಿಯಿಂದ ಕತ್ತು ಉದ್ದಮಾಡಿ ನೋಡುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಖಾಜಾ ಹುಸೇನ್ ಇದ್ದುದರಲ್ಲಿ ದೊಡ್ಡ ವೇಸ್ಟ್‌ಕೋಟು ಹುಡುಕಿದ. ಮೂರು ಗುಂಡಿಯಲ್ಲಿ ಒಂದೇ ಒಂದು ಸೇರಿತು, ಅದೂ ಉಸಿರು ಒಳಗೆಳೆದುಕೊಂಡಾಗ. “ಹುಡುಗರ ಅಳತೆಗೆ ಹೊಲಿದಿದ್ದು ಅಣ್ಣ. ನಿಮ್ಮ ಹೊಟ್ಟೆ ಲೆಕ್ಕಕ್ಕೆ ಹಿಡಿದಿರಲಿಲ್ಲ” ಎಂದು ಖಾಜಾ ಹುಸೇನ್ ಕ್ಷಮೆ ಕೇಳಿದ.

ಬಿಸಿ ಸಾರಿನ ಬಕೆಟ್ಟು ಕೈಗೆ ಬಂತು. ಕಚೇರಿಯಲ್ಲಿ ಫೈಲನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಮೂರು ವಾರದಲ್ಲಿ ಸಾಗಿಸಿ ಅಭ್ಯಾಸವಿದ್ದ ಮನುಷ್ಯ, ಒಂದು ನಿಮಿಷದಲ್ಲಿ ಇಪ್ಪತ್ತು ಎಲೆ ಮುಟ್ಟಬೇಕಾಯಿತು. ಮೊದಲನೇ ಎಲೆಯಲ್ಲಿ ಸಾರು ಪಾಯಸಕ್ಕೆ ಬಿತ್ತು. ಎರಡನೆಯದರಲ್ಲಿ ಎಲೆ ದಾಟಿ ಗಂಡಿನ ಸೋದರಮಾವನ ಪಂಚೆ ಸೇರಿತು.

“ಏನಯ್ಯಾ, ಉಣ್ಣಾಕೆ ಬಡಸ್ತೀಯೋ, ಸ್ನಾನ ಮಾಡಸ್ತೀಯೋ?” ಎಂದು ಸೋದರಮಾವ ಎದ್ದು ನಿಂತ.

ಅಷ್ಟರಲ್ಲಿ ನಯನಾ ಓಡಿಬಂದಳು. ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಪ್ಪಾಜಿ! ಏನಿದು? ನೀವ್ಯಾಕ ಬಂದ್ರಿ?”

“ನಿನ್ನಿಂದಾನೇ! ಮನೆ ಮರ್ಯಾದೆ ಉಳಸಾಕತ್ತೀನಿ. ನಡಿ ನಡಿ.”

“ಉಳಸ್ರಿ, ಆದ್ರೆ ಬಗ್ಗಬ್ಯಾಡ್ರಿ” ಎಂದಳು ನಯನಾ. ಅವಳ ಮುಖದಲ್ಲಿ ಆಗ ಮಗಳಿರಲಿಲ್ಲ, ಕೆಲಸ ಬಲ್ಲವಳಿದ್ದಳು. “ಬಕೆಟ್ ಎಡಗೈಯಾಗೆ, ಸೌಟು ಬಲಗೈಯಾಗೆ. ಅವರು ಅನ್ನದಾಗೆ ಗುಂಡಿ ಮಾಡೋ ತನಕ ಕಾಯ್ರಿ. ಗುಂಡಿ ಆದ್ಮೇಲೆ ಮೆಲ್ಲಗೆ ಹೊಯ್ರಿ. ಅವಸರ ಮಾಡಿದ್ರೆ ಅಂಚಿಗೆ ಹೋಗ್ತೈತೆ. ಸಾಕು ಅಂತ ಕೈ ಅಡ್ಡ ಹಿಡಿದ್ರೂ ಕಾಲು ಸೌಟು ಹಾಕ್ಬೇಕು, ಅದು ಮದುವೆ ಮನೆ ಮರ್ಯಾದೆ.”

ಹೇಳಿಕೊಟ್ಟಂತೆ ಮಾಡಿದರೆ ಕೆಲಸ ಕೈಗೆ ಹತ್ತಿತು. ಮಗಳು ಮುಂದೆ ಹೋಳಿಗೆ, ತಂದೆ ಹಿಂದೆ ಸಾರು. ಹತ್ತು ಎಲೆ ಕಳೆಯುವಷ್ಟರಲ್ಲಿ ಅವರಿಗೆ ಒಳಗೊಳಗೇ ಖುಷಿಯಾಗತೊಡಗಿತು. ಅವರು ಹೋದಲ್ಲೆಲ್ಲ ಜನ ಕತ್ತೆತ್ತಿ “ಇಲ್ಲಿ, ಇಲ್ಲಿ” ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಯಾರೂ ಹಾಗೆ ಕರೆದಿರಲಿಲ್ಲ.

ಆದರೆ ಮದುವೆಮನೆಯಲ್ಲಿ ಇನ್ನೊಂದು ಪದ್ಧತಿಯಿದೆ. ಜನ ಉಣ್ಣುವಾಗ ಹೆಣ್ಣಿನ ತಂದೆ ಕೈಮುಗಿದುಕೊಂಡು ಪಂಕ್ತಿಯ ಉದ್ದಕ್ಕೂ ಬರಬೇಕು. ಉಚ್ಚೆಂಗಪ್ಪನವರು ಬಂದರು. “ಸಾವಕಾಶ ಊಟ ಮಾಡ್ರಿ, ಏನು ಬೇಕು ಕೇಳಿ ಹಾಕಿಸ್ಕಳ್ರಿ” ಎನ್ನುತ್ತ ಒಂದೊಂದೇ ಎಲೆ ದಾಟಿ, ನೇರ ಸಾಹೇಬರ ಮುಂದೆ ನಿಂತರು. ಹಿಂದೆಯೇ ಮಾರಪ್ಪ. ಮೂರು ಎಲೆಯಾಚೆ ಬಕೆಟ್ಟು ಹಿಡಿದ ಕರಿಬಸವರಾಜನವರು ಒಂದೇ ಎಲೆಗೆ ಎರಡನೇ ಸಲ ಸಾರು ಹೊಯ್ದರು.

“ನಿಮ್ಮ ಅಣ್ಣತಮ್ಮ ನಮ್ಮ ಆಫೀಸ್ನಾಗೇ ಇರೋದು ಯಜಮಾನ್ರೇ!” ಎಂದರು ಸಾಹೇಬರು ಹಲ್ಲುಬಿಟ್ಟು. “ನೋಡ್ರಿ ಅಲ್ಲಿ, ತಂದೆ ಮಗಳು ಇಬ್ಬರೂ ಎಷ್ಟು ಮುತುವರ್ಜಿಲೆ ಬಡಸ್ತಾ ಇದಾರೆ!”

ಉಚ್ಚೆಂಗಪ್ಪನವರು ಕರಿಬಸವರಾಜನವರ ಮುಖವನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದರು. ಈಗ ಸತ್ಯ ಹೊರಬೀಳಬೇಕಿತ್ತು. ಬೀಳಲಿಲ್ಲ. ಮಗಳ ಮದುವೆಯ ದಿನ ಯಾವ ತಂದೆಯೂ ಯಾರನ್ನೂ ‘ನೀವು ಯಾರು’ ಎಂದು ಕೇಳುವುದಿಲ್ಲ. ಕೇಳಿಸಿಕೊಂಡವರು ಬೀಗರ ಕಡೆಯವರಾಗಿದ್ದರೆ ಆ ಮಾತು ಮೂರು ತಲೆಮಾರು ನಡೆಯುತ್ತದೆ. ಗಂಡಿನ ಕಡೆಯವರಿರಬೇಕು ಎಂದುಕೊಂಡು ಉಚ್ಚೆಂಗಪ್ಪನವರು ಎರಡು ಹೆಜ್ಜೆ ಬಂದು ಇವರನ್ನು ಬಾಚಿ ತಬ್ಬಿದರು.

“ನಮ್ಮೋರೇ, ನಮ್ಮೋರೇ! ಇವರಿಲ್ದಿದ್ರೆ ಈ ಮದುವೆ ಎಲ್ಲಿ ನಡೀತಿತ್ತು? ಊಟ ಆದ ಕೂಡ್ಲೇ ಸ್ಟೇಜಿಗೆ ಬರ್ರಿ, ಫ್ಯಾಮಿಲಿ ಫೋಟೋ ಐತೆ.”

ಸಾಹೇಬರು ಧನ್ಯರಾದರು. ಕರಿಬಸವರಾಜನವರು ಬದುಕಿದೆನೆಂದುಕೊಂಡರು. ಆದರೆ ಮಾರಪ್ಪನ ಮುಖ ಬಿಳಿಚಿತು. ತಾನು ಏಕವಚನದಲ್ಲಿ ಬೈದು ಸಾರು ಹೊರಿಸಿದ್ದು ಯಜಮಾನರ ತಮ್ಮನಿಗೆ! ಒಂದು ತಿಂಗಳಿಂದ ಎಂಜಲೆಲೆ ತೆಗೆಸಿದ್ದು ಯಜಮಾನರ ಮನೆಮಗಳ ಕೈಯಲ್ಲಿ! ಅವನು ಒಂದೇ ಏಟಿಗೆ ಇವರ ಬಕೆಟ್ಟನ್ನೂ ನಯನಾಳ ತಟ್ಟೆಯನ್ನೂ ಕಸಿದುಕೊಂಡ. ಇಬ್ಬರನ್ನೂ ಸ್ಟೇಜಿನ ಮುಂದಿನ ಮಖಮಲ್ಲಿನ ಸೋಫಾದಲ್ಲಿ, ಫ್ಯಾನಿನ ಕೆಳಗೆ ಕೂರಿಸಿ, ಕೈಗೆ ಜ್ಯೂಸು ಕೊಟ್ಟ.

“ತಪ್ಪಾತು ಯಜಮಾನ್ರೇ. ಹೇಳಿದ್ರೆ ಇಂಥ ಅಚಾತುರ್ಯ ಆಗ್ತಿರಲಿಲ್ಲ. ತಾಯೀ, ಇನ್ನು ಮುಂದೆ ನೀವು ಕೆಲಸಕ್ಕೆ ಬರಬ್ಯಾಡ್ರವ್ವ. ದೊಡ್ಡೋರ ಮನೆ ಮಕ್ಕಳಿಗೆ ನಾನು ‘ಓಡು, ಎತ್ತು’ ಅನ್ನಾಕಾಗ್ತೈತಾ? ಉಚ್ಚೆಂಗಪ್ಪನವ್ರಿಗೆ ಗೊತ್ತಾದ್ರೆ ಈ ತಾಲೂಕಿನಾಗೆ ನನಗ ಒಲೆ ಹಚ್ಚಾಕೆ ಬಿಡಲ್ಲ.”

ಮಾರಪ್ಪ ಕೈಮುಗಿದು ಹಿಂದೆ ಹಿಂದೆ ನಡೆದು ಹೋದ. ನಯನಾ ಜ್ಯೂಸು ಕೆಳಗಿಟ್ಟಳು.

“ಏನ್ ಹೇಳಿದ್ರಿ ಅಪ್ಪಾಜಿ ಅವರಿಗೆಲ್ಲಾ?”

ಕರಿಬಸವರಾಜನವರು ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು.

“ಮುಂದಿನ ಭಾನುವಾರದಿಂದ ಒಂದು ಪೂರಾ ಪಂಕ್ತಿ ನನಗ ವಹಿಸ್ತೀನಿ ಅಂದಿದ್ರು ಮಾರಪ್ಪಣ್ಣ” ಎಂದಳು ನಯನಾ. ಕಣ್ಣು ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ. “ಇಪ್ಪತ್ತು ಜನರಾಗೆ ನನ್ನೊಬ್ಬಳಿಗೇ. ಯಾರ ಮಗಳು ಅಂತ ಕೇಳಿರಲಿಲ್ಲ, ನನ್ನ ಕೆಲಸ ನೋಡಿ ಕೊಟ್ಟಿದ್ರು. ಈಗ ಯಾರ ಮಗಳು ಅಂತ ಕೇಳಿ ತೆಗೆದುಹಾಕಿದ್ರು. ಅದೂ ಸುಳ್ಳು.”

ಕರಿಬಸವರಾಜನವರಿಗೆ ನಿಜಕ್ಕೂ ನಾಚಿಕೆಯಾಯಿತು. ಮಗಳು ಬಡಿಸುತ್ತಿದ್ದುದಕ್ಕಲ್ಲ, ತಾವು ಆಡಿದ್ದಕ್ಕೆ. ಊಟದ ಹಾಲಿನಿಂದ “ಹೋಳಿಗೆ ಎಲ್ರಪೋ? ಹೋಳಿಗೆ ಹುಡುಗಿ ಎಲ್ಲಿ?” ಎಂಬ ಕೂಗು ಕೇಳುತ್ತಿತ್ತು. ನಯನಾ ಆ ಕಡೆ ಎದ್ದು ಎದ್ದು ನೋಡುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಅಷ್ಟರಲ್ಲಿ ಉಚ್ಚೆಂಗಪ್ಪನವರೇ ಬಂದು ಇವರ ಕೈಹಿಡಿದು ಸ್ಟೇಜಿಗೆ ಎಳೆದರು. ಹಿಂದೆಯೇ ಸಾಹೇಬರು, ಕರೆಯದಿದ್ದರೂ ಹತ್ತಿದರು. ಒಂದು ಕಡೆ ಹೆಣ್ಣಿನವರು, ಇನ್ನೊಂದು ಕಡೆ ಗಂಡಿನವರು ಸಾಲಾಗಿ ನಿಂತರು. ಒಂದೇ ಗುಂಡಿ ಹಾಕಿದ ಮೆರೂನ್ ವೇಸ್ಟ್‌ಕೋಟಿನಲ್ಲಿ ಕರಿಬಸವರಾಜನವರು ಮದುಮಗಳ ಪಕ್ಕದಲ್ಲೇ ನಿಂತರು. “ಅಂಕಲ್, ಸ್ವಲ್ಪ ನಗ್ರಿ” ಎಂದ ಫೋಟೋದವನು.

“ನಿಲ್ಲಪಾ” ಎಂದರು ಕರಿಬಸವರಾಜನವರು. “ನನಗೂ ಈ ಮನೆಗೂ ಯಾವ ಸಂಬಂಧಾನೂ ಇಲ್ಲ.”

ಮೆಲ್ಲಗೆ ಉಚ್ಚೆಂಗಪ್ಪನವರ ಕಿವಿಗಷ್ಟೇ ಬೀಳಲೆಂದು ಹೇಳಿದ್ದು. ಆದರೆ ಮುಯ್ಯಿ ಮಾಡಿದವರ ಹೆಸರು ಕೂಗುವವನು ಮೈಕನ್ನು ಅವರ ಗದ್ದದ ಕೆಳಗೇ ಹಿಡಿದುಕೊಂಡು ನಿಂತಿದ್ದ. ಮಾತು ಛತ್ರದ ಎಂಟೂ ಸ್ಪೀಕರಿನಲ್ಲಿ ಹೊರಟು, ಹಾಲಿನಲ್ಲಿ ಉಣ್ಣುತ್ತಿದ್ದವರ ತುತ್ತು ನಿಂತಿತು.

“ಹಂಗಂದ್ರೆ? ನೀವು ಗಂಡಿನ ಕಡೆಯವ್ರಲ್ವಾ?” ಎಂದರು ಉಚ್ಚೆಂಗಪ್ಪನವರು.

“ನಮ್ಮೋರಲ್ಲಪ್ಪಾ!” ಎಂದ ಪಂಚೆ ನೆನೆದ ಸೋದರಮಾವ. “ನಿಮ್ಮ ಕಡೆಯವ್ರು ಅಂತಲೇ ನಾನು ಸುಮ್ನಿದ್ದೆ. ಇಲ್ಲಾಂದ್ರೆ ಆಗ್ಲೇ ವಿಚಾರಿಸ್ಕಳ್ತಿದ್ದೆ!”

ಸಾಹೇಬರು ಮೆಲ್ಲನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತಮಗೂ ಈ ಮನುಷ್ಯನಿಗೂ ಪರಿಚಯವೇ ಇಲ್ಲವೆಂಬಂತೆ ಮಂಟಪದ ಹೂವು ನೋಡತೊಡಗಿದರು.

“ಹಂಗಾದ್ರೆ ನೀವು ಯಾರ್ರಿ?” ಎಂದು ಉಚ್ಚೆಂಗಪ್ಪನವರು ಕೊನೆಗೂ ಕೇಳಿದರು.

ಕರಿಬಸವರಾಜನವರು ಮೈಕು ತೆಗೆದುಕೊಂಡರು. ಮದುವೆಗೆ ಬಂದು ಊಟದ ಹಾಲಿನಲ್ಲಿದ್ದ ನಯನಾಳ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಗಾಬರಿಯಿಂದ ಗಡಿಯಾರ ನೋಡಿಕೊಂಡರಂತೆ. ಆದರೆ ಅವತ್ತಿನ ಭಾಷಣ ಅವರ ಜೀವಮಾನದಲ್ಲೇ ಚಿಕ್ಕದು.

“ಹೋಳಿಗೆ ಬಡಸ್ತಿದ್ದಳಲ್ರಿ, ಆ ಹುಡುಗಿ ತಂದೆ ನಾನು. ನಯನಾ ಅಂತ ಅವಳ ಹೆಸರು. ಮಾರಪ್ಪನವರ ಹತ್ರ ಕೆಲಸಕ್ಕೆ ಬಂದಾಳೆ, ನಾನೇ ಸೈನ್ ಹಾಕೀನಿ. ನಾಚ್ಕೆಪಟ್ಕಂಡು ಸಂಬಂಧ ಅಂತ ಸುಳ್ಳು ಹೇಳ್ದೆ. ತಪ್ಪು ನಂದು. ಬೈಯೋದಿದ್ರೆ ನನಗ ಬೈರಿ, ಹುಡುಗಿ ಕೆಲಸ ತೆಗೀಬ್ಯಾಡ್ರಿ.”

ಮದುಮಗ ನಗು ತಡೆಯಲು ಬಾಸಿಂಗ ಸರಿಮಾಡಿಕೊಂಡ.

“ಹೋಳಿಗೆ ಹುಡುಗಿ ತಂದೆನಾ?” ಎಂದರು ಉಚ್ಚೆಂಗಪ್ಪನವರು, ದನಿ ಏರಿಸಿ. “ಅದನ್ನ ಮೊದ್ಲೇ ಹೇಳಬಾರದೇನ್ರಿ? ನಮ್ಮವ್ವಗೆ ಹಲ್ಲಿಲ್ಲ. ಆ ಹುಡುಗಿ ಮೊದ್ಲ ಪಂಕ್ತ್ಯಾಗೆ ಹೋಳಿಗೆ ಹಾಲಾಗೆ ಕಿವುಚಿ ಕೊಟ್ಲಂತೆ. ಈಗ ನಮ್ಮವ್ವ, ಅವಳನ್ನ ಕರೀರಿ, ಇನ್ನೊಂದು ಉಣ್ತೀನಿ ಅಂತ ಹಠ ಹಿಡಿದು ಕುಂತಾಳೆ. ಇಡೀ ಮನೆ ಹುಡುಕ್ತಾ ಐತೆ! ಏ ಮಾರಪ್ಪಾ, ಎಲ್ಲಿ ಬಚ್ಚಿಟ್ಟೀಯಪಾ ಆ ಹುಡುಗಿನ?”

ಮಾರಪ್ಪ ಆಗಲೇ ಸೋಫಾದ ಹತ್ತಿರ ನಿಂತಿದ್ದ. ಅವನ ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು. “ಏನಮ್ಮಾ, ಫ್ಯಾನ್ ಕೆಳಗೆ ಆರಾಮ ಕುಂತೀಯಾ?” ಎಂದು ಹಳೆಯ ದನಿಯಲ್ಲೇ ಗುಡುಗಿದ. “ಮೂರನೇ ಪಂಕ್ತಿ ಎದ್ದು ಕುಣೀತಾ ಐತೆ. ಹೋಗು! ಆ ಪಂಕ್ತಿ ಪೂರಾ ನಿಂದೇ, ಮುಂದಿನ ಭಾನುವಾರ ಯಾಕ, ಇವತ್ತಿಂದಾನೇ!”

ಬೈಸಿಕೊಂಡು ಅಷ್ಟು ಸಂತೋಷಪಟ್ಟ ಹುಡುಗಿಯನ್ನು ಹರಿಹರ ಅದುವರೆಗೆ ಕಂಡಿರಲಿಲ್ಲ. ಶೂ ಇಲ್ಲದಿದ್ದರೂ ನಯನಾ ಓಡಿದ ಓಟಕ್ಕೆ ಜಿಲ್ಲಾ ಮಟ್ಟದ ಬಹುಮಾನ ಕೊಡಬಹುದಿತ್ತು. ಊಟದ ಹಾಲಿನೊಳಗೆ ಹೋಗುವ ಮೊದಲು ಸ್ಟೇಜಿನ ಕಡೆ ತಿರುಗಿ, ಅಪ್ಪನನ್ನು ನೋಡಿ ಒಂದು ಸಲ ನಕ್ಕಳು. ಕರಿಬಸವರಾಜನವರು ಬಿಗಿಹಿಡಿದಿದ್ದ ಉಸಿರು ಸಡಿಲವಾಗಿ, ವೇಸ್ಟ್‌ಕೋಟಿನ ಆ ಒಂದೇ ಗುಂಡಿ ಹಾರಿ ಸೋದರಮಾವನ ಕಾಲ ಬುಡಕ್ಕೆ ಬಿತ್ತು.

ಇವರು ಉಂಡು ಹೊರಬರುವಷ್ಟರಲ್ಲಿ ಸಾಹೇಬರು ಕಾರಿನ ಹತ್ತಿರ ಕಾಯುತ್ತಿದ್ದರು. ಬೈಗುಳ ಬರುತ್ತದೆಂದು ಕರಿಬಸವರಾಜನವರು ತಲೆ ತಗ್ಗಿಸಿ ನಿಂತರು. ಸಾಹೇಬರು ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು.

“ಕರಿಬಸವರಾಜ್, ನಮ್ಮ ಹುಡುಗನಿಗೂ ಹದಿನಾರು. ಭಾನುವಾರ ಹನ್ನೆರಡು ಗಂಟೆಗೆ ಏಳ್ತಾನೆ. ಎದ್ರೆ ಮೊಬೈಲ್, ಮಲಗಿದ್ರೆ ಮೊಬೈಲ್. ನೀರು ಬೇಕಂದ್ರೆ ಅವರಮ್ಮಗೆ ಮೆಸೇಜ್ ಹಾಕ್ತಾನೆ. ಆ ಮಾರಪ್ಪನಿಗೆ ನೀವೊಂದು ಮಾತು ಹೇಳಿದ್ರೆ...”

“ನನ್ನ ಮಾತು ನಡೆಯಲ್ಲ ಸರ್” ಎಂದರು ಕರಿಬಸವರಾಜನವರು ಪ್ರಾಮಾಣಿಕವಾಗಿ. “ನಮ್ಮ ಮಗಳಿಗೆ ಕೇಳಿ ನೋಡ್ತೀನಿ.”

“ಕೇಳ್ರಿ. ಬರ್ರಿ ಈಗ, ಊರಿಗೆ ಹೋಗಾನ.”

“ನೀವು ಹೋಗ್ರಿ ಸರ್. ಅವಳ ಪಂಕ್ತಿ ಇನ್ನೂ ಮುಗಿದಿಲ್ಲ. ನಾನು ಖಾಜಾ ಹುಸೇನನ ಗಾಡ್ಯಾಗೆ ಅವಳ ಜೊತೆಗೇ ಬರ್ತೀನಿ.”

ಕಾರು ಹೋಯಿತು. ಛತ್ರದ ಬಾಗಿಲಲ್ಲಿ ಒಬ್ಬ ಅಜ್ಜಿ ಕುರ್ಚಿ ಹಾಕಿಕೊಂಡು ತಾಂಬೂಲದ ಚೀಲ ಕೊಡುತ್ತ ಕೂತಿದ್ದಳು. ಎಡಕ್ಕೆ ಗಂಡಿನ ಕಡೆಯವರಿಗೆಂದು ಹಸಿರು ಚೀಲದ ರಾಶಿ, ಬಲಕ್ಕೆ ಹೆಣ್ಣಿನ ಕಡೆಯವರಿಗೆಂದು ಹಳದಿ ಚೀಲದ ರಾಶಿ. ಅವಳ ಕಿವಿ ಮಂದ, ಮೈಕಿನ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಕೂತ ಕರಿಬಸವರಾಜನವರನ್ನು ನೋಡಿ ಕೈಸನ್ನೆಯಲ್ಲಿ ಕರೆದಳು.

“ಬಾ ಇಲ್ಲಿ. ಗಂಡಿನ ಕಡೆಯೋನೋ, ಹೆಣ್ಣಿನ ಕಡೆಯೋನೋ?”

ಕರಿಬಸವರಾಜನವರು ಎದ್ದು ಅವಳ ಹತ್ತಿರ ಹೋಗಿ, ಕಿವಿಯ ಬಳಿ ಬಾಗಿ, ಬೀದಿಗೆಲ್ಲ ಕೇಳುವಂತೆ ಹೇಳಿದರು.

“ಬಡಸೋರ ಕಡೆಯೋನು ಬೇ ಅಜ್ಜಿ!”

ಅಜ್ಜಿ ಎರಡು ರಾಶಿಯನ್ನೂ ನೋಡಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಒಂದು ಹಸಿರು, ಒಂದು ಹಳದಿ ಎತ್ತಿ ಎರಡನ್ನೂ ಅವರ ಕೈಗಿಟ್ಟಳು.